ಒಂದು ಮುಖಕ್ಕೆ ಎಷ್ಟು ಕಡೆ?

"ಇದನ್ನ ತಗದಾಂವಗ ತೆಲಿ ನೆಟ್ಟಗ ಐತೇನ್ರೀ?" ಪಿಕಾಸೊನ ಚಿತ್ರವೊಂದನ್ನು ನಮ್ಮ ಗದಗ ಜಿಲ್ಲೆಯ ಬೆಳ್ಳಟ್ಟಿ ಕಡೆಯ ಹತ್ತು ಜನರ ಮುಂದೆ ಹಿಡಿದರೆ ಒಬ್ಬರಾದರೂ ಹೀಗೆ ಕೇಳಿಯೇ ಕೇಳುತ್ತಾರೆ. ಎರಡೂ ಕಣ್ಣು ಒಂದೇ ಮಗ್ಗುಲಲ್ಲಿ, ಮೂಗು ಇನ್ನೊಂದು ಮಗ್ಗುಲಿಗೆ, ಭುಜ ಎಲ್ಲೋ, ಕೈ ಎಲ್ಲೋ. ಇದೇ ಚಿತ್ರವನ್ನು ಬೆಂಗಳೂರಿನ ಗ್ಯಾಲರಿಯಲ್ಲಿ ನೋಡಿದ ಓದಿದವರು ಬೇರೆ ಮಾತು ಆಡುತ್ತಾರೆ: ಇದು ಆಧುನಿಕ ಮನುಷ್ಯನ ಛಿದ್ರಗೊಂಡ ಮನಸ್ಸಿನ ಅಭಿವ್ಯಕ್ತಿ. ಮೊದಲ ಮಾತಿಗೆ ನಾವು ನಗುತ್ತೇವೆ, ಎರಡನೆಯದಕ್ಕೆ ತಲೆದೂಗುತ್ತೇವೆ. ನಿಜಕ್ಕೂ ಎರಡೂ ಒಂದೇ ಮಾತು. ಮುಖ ಒಡೆದಿದೆ ಎಂದಾದರೆ ಎಲ್ಲೋ ಒಂದು ಮನಸ್ಸು ಒಡೆದಿರಲೇಬೇಕು ಎಂಬ ನಂಬಿಕೆ ಎರಡರಲ್ಲೂ ಇದೆ. ಹಳ್ಳಿಯವರು ಆ ಒಡಕನ್ನು ಚಿತ್ರಕಾರನ ತಲೆಯಲ್ಲಿ ಇಡುತ್ತಾರೆ, ಓದಿದವರು ಕಾಲದ ತಲೆಯಲ್ಲಿ ಇಡುತ್ತಾರೆ. ವ್ಯತ್ಯಾಸ ಅಷ್ಟೆ.

ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಇಂಥ, ಅಂದರೆ ಕ್ಯೂಬಿಸ್ಟ್ ಎಂದು ಕರೆಯುವ ಚಿತ್ರದಲ್ಲಿ ಮನಸ್ಸಿನ ವಿಚಾರ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೇಕಾದಷ್ಟು ಇದೆ. ಒಬ್ಬರು ಇನ್ನೊಬ್ಬರನ್ನು ತಿಳಿಯುವುದು ಹೇಗೆ, ತಿಳಿದೆನೆಂದು ಹೇಳುವ ಹಕ್ಕು ಯಾರದು ಎಂಬ ಪ್ರಶ್ನೆಗಳಲ್ಲಿ ಅದು ಇದೆ. ಅದನ್ನು ಬಿಟ್ಟು ಕಾಯಿಲೆ ಹುಡುಕುತ್ತ ಕೂತರೆ ಚಿತ್ರ ಕೇಳುತ್ತಿರುವುದು ನಮಗೆ ಕೇಳಿಸುವುದೇ ಇಲ್ಲ.

ಕಾಯಿಲೆ ಹುಡುಕಿದವರಲ್ಲಿ ಸಣ್ಣವರಷ್ಟೇ ಇಲ್ಲ. 1932ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಕಲಾಭವನದಲ್ಲಿ ಪಿಕಾಸೊನ ದೊಡ್ಡ ಪ್ರದರ್ಶನ ನಡೆಯಿತು. ಅಲ್ಲೇ ಹತ್ತಿರ ನೆಲೆಸಿದ್ದ ಮನೋವಿಜ್ಞಾನಿ ಕಾರ್ಲ್ ಗುಸ್ತಾವ್ ಯೂಂಗ್ ಅದನ್ನು ನೋಡಿ ಆ ವರ್ಷದ ನವೆಂಬರಿನಲ್ಲಿ ಊರ ಪತ್ರಿಕೆಗೆ ಲೇಖನ ಬರೆದರು. ತಮ್ಮಲ್ಲಿಗೆ ಬರುವ ರೋಗಿಗಳು ಬಿಡಿಸುವ ಚಿತ್ರಗಳಲ್ಲಿ ಎರಡು ಬಗೆ ಇವೆ; ಒಂದು ಬಗೆಯವು ಭಾವನೆಯನ್ನು ಒಂದುಗೂಡಿಸಿ ತೋರಿಸುತ್ತವೆ; ಇನ್ನೊಂದು ಬಗೆಯವು ಬಿರುಕುಗಳಿಂದ ತುಂಬಿದ್ದು ನೋಡುವವರನ್ನು ತಣ್ಣಗೆ ದೂರ ತಳ್ಳುತ್ತವೆ; ಎರಡನೆಯದು ಸ್ಕಿಜೋಫ್ರೇನಿಯಾದವರ ಬಗೆ; ಪಿಕಾಸೊ ಸೇರುವುದು ಅಲ್ಲಿಗೆ ಎಂಬುದು ಅವರ ವಾದ. ಗದ್ದಲವಾಯಿತು. ಪಿಕಾಸೊನನ್ನು ರೋಗಿ ಎಂದು ಕರೆದದ್ದಲ್ಲ, ಅವನ ಮನಸ್ಸಿನ ಒಲವನ್ನು ಹೇಳಿದ್ದು ಎಂದು ಯೂಂಗ್ ಆಮೇಲೆ ವಿವರಣೆ ಕೊಟ್ಟರು. ವಿವರಣೆಯಿಂದ ವಾದದ ಬುಡವೇನೂ ಬದಲಾಗಲಿಲ್ಲ. ಬಿರುಕು ಕಂಡಲ್ಲಿ ಬಿರುಕಿನ ಮನಸ್ಸು ಇದೆ ಎಂಬುದೇ ಅದರ ಬುಡ.

ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಟ್ಟುಕೊಂಡು ಬಿದ್ದಿರುತ್ತದೆ. ನೇಗಿಲು ಹೂಡಿದ ಮೇಲೂ ನೆಲ ಸೀಳಿರುತ್ತದೆ. ಎರಡೂ ಸೀಳೇ, ಆದರೆ ಒಂದು ಬಿಸಿಲಿನ ಕೆಲಸ, ಇನ್ನೊಂದು ಬಿತ್ತುವವನ ಕೆಲಸ. ಸೀಳಿನ ಆಕಾರ ನೋಡಿ ಯಾವುದು ಯಾರದೆಂದು ಹೇಳಲು ಬಾರದಿದ್ದರೆ ಒಕ್ಕಲುತನದ ಹಿಂದೆ ಮುಂದೆ ಕೇಳಬೇಕು. ಪಿಕಾಸೊನ ಹಿಂದೆ ಮುಂದೆ ಕೇಳಿದರೆ ಮೊದಲು ಸಿಗುವುದು 1897ರ ಒಂದು ಚಿತ್ರ. 'ವಿಜ್ಞಾನ ಮತ್ತು ಕರುಣೆ' ಎಂದು ಅದರ ಹೆಸರು. ಹಾಸಿಗೆ ಹಿಡಿದ ಹೆಂಗಸು, ಪಕ್ಕದಲ್ಲಿ ಕೂತು ಅವಳ ನಾಡಿ ನೋಡುತ್ತಿರುವ ವೈದ್ಯ, ಆಚೆಗೆ ಕೂಸನ್ನೆತ್ತಿಕೊಂಡು ನಿಂತ ಕ್ರೈಸ್ತ ಸನ್ಯಾಸಿನಿ. ಎಲ್ಲವೂ ಕಣ್ಣಿಗೆ ಕಂಡಂತೆ, ಒಂದು ಕೂದಲೂ ಆಚೀಚೆಯಾಗದಂತೆ ಇದೆ. ವೈದ್ಯನಿಗೆ ರೂಪದರ್ಶಿಯಾಗಿ ಕೂತವರು ಪಿಕಾಸೊನ ತಂದೆ. ಬಿಡಿಸುವಾಗ ಪಿಕಾಸೊನಿಗೆ ಹದಿನೈದು ವರ್ಷ. ಇದ್ದದ್ದನ್ನು ಇದ್ದಂತೆ ಬಿಡಿಸಲು ಬಾರದವನು ಮುಖ ಒಡೆದ ಎಂಬ ಮಾತು ಇಲ್ಲಿಗೆ ಮುಗಿಯಿತು.

ಎರಡನೆಯ ಸಾಕ್ಷಿ ಇನ್ನೂ ಗಟ್ಟಿ. 1910ರಿಂದ 1912ರವರೆಗೆ ಪಿಕಾಸೊ ಮತ್ತು ಚಿತ್ರಕಾರ ಜಾರ್ಜ್ ಬ್ರಾಕ್ ಜೊತೆಜೊತೆಯಾಗಿ ದುಡಿದರು. ಆ ಕಾಲದ ಇಬ್ಬರ ಚಿತ್ರಗಳನ್ನು ಮಗ್ಗುಲಲ್ಲಿಟ್ಟರೆ ಯಾವುದು ಯಾರದೆಂದು ಬಲ್ಲವರೂ ತಡವರಿಸುತ್ತಾರೆ. ಮುಂದೆ ಪ್ಯಾರಿಸಿನಲ್ಲಿ ಆಂದ್ರೆ ಲೋಟ್ ಎಂಬ ಕಲಾವಿದ ಈ ಕ್ರಮವನ್ನು ಶಾಲೆಯಲ್ಲಿ ಪಾಠ ಮಾಡಿ ಕಲಿಸಿದ. ಮುಂಬಯಿಯ ಚಿತ್ರಕಾರ ಜಹಾಂಗೀರ್ ಸಬಾವಾಲಾ ಅಲ್ಲಿ ಕಲಿತು ಬಂದರು. ಒಬ್ಬನ ಮನಸ್ಸಿನ ಬಿರುಕು ಇನ್ನೊಬ್ಬನ ಕುಂಚದಲ್ಲಿ ಅದೇ ಗೆರೆಯಾಗಿ ಮೂಡುವುದಿಲ್ಲ. ರೋಗವನ್ನು ಪಾಠ ಹೇಳಿ ಕಲಿಸಲು ಬರುವುದಿಲ್ಲ, ಕ್ರಮವನ್ನು ಕಲಿಸಲು ಬರುತ್ತದೆ. ಕಲಿಸಲು ಬಂದದ್ದರಿಂದ ಇದು ಕ್ರಮ.

ಯಾವ ಕ್ರಮ? ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. 1910ರಲ್ಲಿ ಪಿಕಾಸೊ ಬಿಡಿಸಿದ, ಈಗ ಶಿಕಾಗೋದ ಸಂಗ್ರಹಾಲಯದಲ್ಲಿರುವ ಡೇನಿಯಲ್ ಹೆನ್ರಿ ಕಾನ್‌ವೈಲರ್‌ನ ಭಾವಚಿತ್ರ. ಕಾನ್‌ವೈಲರ್ ಚಿತ್ರಗಳನ್ನು ಕೊಂಡು ಮಾರುತ್ತಿದ್ದ ವ್ಯಾಪಾರಿ. ಮೊದಲು ಕಣ್ಣಿಗೆ ಬೀಳುವುದು ಕಂದು, ಬೂದು, ಅಲ್ಲಲ್ಲಿ ಬಿಳಿ ಬಣ್ಣದ ಚೂರುಗಳು. ಒಂದರ ಮೇಲೊಂದು ಹೊದ್ದಂತೆ, ಒಂದರೊಳಗಿಂದ ಒಂದು ಹಣಿಕಿದಂತೆ ಇವೆ. ಮನುಷ್ಯ ಕಾಣುವುದಿಲ್ಲ. ಕಣ್ಣು ಸ್ವಲ್ಪ ಹೊತ್ತು ಅಲ್ಲೇ ಕೂತರೆ ಮೇಲೆ ಬಾಚಿದ ಕೂದಲಿನ ಅಲೆಯೊಂದು ಸಿಗುತ್ತದೆ. ಅದರಿಂದ ಇಳಿದು ಬಂದರೆ ಕೊರಳಲ್ಲಿ ಟೈ ಕಟ್ಟಿದ ಗಂಟು. ಇನ್ನೂ ಕೆಳಗೆ ಅಂಗಿಯ ಮೇಲೆ ಗಡಿಯಾರದ ಸರಪಳಿ. ಕೊನೆಗೆ ಒಂದರೊಳಗೊಂದು ಹೆಣೆದು ಮಡಿಲಲ್ಲಿಟ್ಟ ಎರಡು ಕೈ. ಈ ನಾಲ್ಕು ಗುರುತು ಹಿಡಿದರೆ ಒಬ್ಬ ಶಾಂತ ಮನುಷ್ಯ ಕುರ್ಚಿಯ ಮೇಲೆ ಬಂದು ಕೂಡುತ್ತಾನೆ. ಈ ಚಿತ್ರಕ್ಕಾಗಿ ಅವನು ಮೂವತ್ತರಷ್ಟು ಬಾರಿ ಬಂದು ಕೂತಿದ್ದನಂತೆ. ಆ ಎಲ್ಲ ಬೈಠಕ್ಕುಗಳ ನೋಟ ಒಂದೇ ಕ್ಯಾನ್ವಾಸಿನ ಮೇಲೆ ಬಂದು ನಿಂತಿದೆ. ತಲೆ ತುಸು ಹೊರಳಿದಾಗ ಕಂಡದ್ದು, ಬೆಳಕು ಬದಲಾದಾಗ ಕಂಡದ್ದು, ಮೇಲಿನಿಂದ ಕಂಡದ್ದು, ಮಗ್ಗುಲಿನಿಂದ ಕಂಡದ್ದು, ಎಲ್ಲಕ್ಕೂ ಜಾಗ ಇದೆ. ಇಲ್ಲಿ ಕೂಗಾಟವಿಲ್ಲ, ಅಳುವಿಲ್ಲ, ಹಿಂಸೆಯಿಲ್ಲ. ಇದ್ದರೆ ಇರುವುದು ತಾಳ್ಮೆ.

ಹಾಗಾದರೆ ಇದು ನಮಗೆ ಒಡೆದ ಮುಖವಾಗಿ ಕಾಣುವುದು ಏಕೆ? ಸರಿಯಾದ ಮುಖ ಎಂದರೆ ಒಂದು ಜಾಗದಿಂದ, ಒಂದು ಕ್ಷಣದಲ್ಲಿ, ಒಂದು ಕಣ್ಣಿಗೆ ಕಂಡ ಮುಖ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಒಪ್ಪಿಗೆಗೂ ಒಂದು ಚರಿತ್ರೆ ಇದೆ. 1435ರಲ್ಲಿ ಇಟಲಿಯ ಆಲ್ಬೆರ್ಟಿ ಚಿತ್ರವೆಂದರೆ ಕಿಟಕಿಯಿಂದ ನೋಡಿದಂತೆ ಇರಬೇಕೆಂದು ನಿಯಮ ಬರೆದ. 1839ರಲ್ಲಿ ಬಂದ ಡಾಗೆರ್‌ನ ಕ್ಯಾಮೆರಾ ಆ ನಿಯಮವನ್ನು ಯಂತ್ರ ಮಾಡಿತು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮನ ಮುದ್ರಣಾಲಯ ಅದೇ ನಿಯಮದ ಲಕ್ಷ್ಮಿ ಸರಸ್ವತಿಯರನ್ನು ಮನೆಮನೆಯ ಗೋಡೆಗೆ ತಲುಪಿಸಿತು. ಈಗ ಆಧಾರ್ ಕೇಂದ್ರದಲ್ಲಿ ಕುರ್ಚಿಯ ಮೇಲೆ ಕೂರಿಸಿ, "ಸೀದಾ ನೋಡ್ರಿ, ಅಳ್ಳಾಡಬ್ಯಾಡ್ರಿ" ಎಂದು ತೆಗೆಯುವ ಮುಖವೇ ನಮ್ಮ ಅಧಿಕೃತ ಮುಖ. ಆ ಫೋಟೋದಲ್ಲಿ ನಮ್ಮನ್ನು ನಾವೇ ಗುರುತಿಸಲಾರೆವು ಎಂದು ದಿನವೂ ನಗಾಡುತ್ತೇವೆ. ಆದರೂ ಒಡೆದದ್ದು ಎಂದು ಕರೆಯುವುದು ಪಿಕಾಸೊನ ಮುಖವನ್ನು.

ನಮ್ಮ ಕಡೆಯ ಚಿತ್ರಕಲೆಯ ಪಾಠವೂ ಈ ನಿಯಮವನ್ನೇ ಮೊದಲು ಕಲಿಸಿದ್ದು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ 1935ರಲ್ಲಿ ಕಲಾಶಾಲೆ ಕಟ್ಟಿದರು, ಗದಗಿನಲ್ಲಿ ಟಿ.ಪಿ. ಅಕ್ಕಿ ವಿಜಯ ಕಲಾಮಂದಿರ ಕಟ್ಟಿದರು. ಹಳ್ಳಿಯ ಹೈಸ್ಕೂಲುಗಳಿಗೆ ಡ್ರಾಯಿಂಗ್ ಮಾಸ್ತರರು ಬಂದದ್ದು ಇಂಥ ಶಾಲೆಗಳಿಂದ. ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂತವರಿಗೆ ವಸ್ತುಚಿತ್ರದ ಪೇಪರು ನೆನಪಿರುತ್ತದೆ. ನಡುವೆ ಮೇಜು, ಮೇಜಿನ ಮೇಲೆ ಒಂದು ತಂಬಿಗೆ, ಒಂದು ಹಣ್ಣು, ಹಿಂದೊಂದು ಬಟ್ಟೆ, ಸುತ್ತ ಹುಡುಗರು. ಯಾರೂ ಕೂತ ಜಾಗ ಬಿಟ್ಟು ಏಳುವಂತಿಲ್ಲ, ತನಗೆ ಕಂಡಷ್ಟನ್ನೇ ಬಿಡಿಸಬೇಕು. ಗಂಟೆ ಬಾರಿಸಿದಾಗ ತಂಬಿಗೆ ಒಂದೇ, ಹಾಳೆಗಳು ಮೂವತ್ತು, ಯಾವ ಹಾಳೆಯೂ ಇನ್ನೊಂದರ ಹಾಗಿಲ್ಲ. ಒಂದರಲ್ಲಿ ಹಣ್ಣು ತಂಬಿಗೆಯ ಹಿಂದೆ ಅಡಗಿದೆ, ಇನ್ನೊಂದರಲ್ಲಿ ತಂಬಿಗೆಯೇ ಹಣ್ಣಿನ ಮರೆಯಲ್ಲಿದೆ. ಎಲ್ಲ ಹಾಳೆಗಳೂ ಸರಿ, ಎಲ್ಲಕ್ಕೂ ಅಂಕ ಇದೆ. ಆದರೆ ತಂಬಿಗೆ ಎಂದರೆ ಏನು ಎಂದು ಕೇಳಿದರೆ ಯಾವ ಒಂದು ಹಾಳೆಯೂ ಪೂರ್ತಿ ಉತ್ತರ ಕೊಡದು. 1910ರ ಚಿತ್ರಕಾರ ಮಾಡಿದ್ದು ಇಷ್ಟೇ: ಜಾಗ ಬಿಟ್ಟು ಎದ್ದ, ಮೂವತ್ತು ಹಾಳೆಯನ್ನು ಒಂದೇ ಹಾಳೆಯಲ್ಲಿ ಬಿಡಿಸಿದ. ಅಂಕ ಹೋಯಿತು, ತಂಬಿಗೆ ಉಳಿಯಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಂಡಂತೆ ಇಲ್ಲದ ಮುಖಗಳು ನಮಗೇನು ಹೊಸವೆ? ದ್ಯಾಮವ್ವನ ಮುಖದಲ್ಲಿ ಕಣ್ಣು ಎಷ್ಟು ದೊಡ್ಡವು! ತೊಗಲುಗೊಂಬೆಯ ರಾವಣನಿಗೆ ಹತ್ತು ತಲೆ, ದತ್ತಾತ್ರೇಯನಿಗೆ ಮೂರು. ಅವನ್ನು ಬಿಡಿಸಿದವನ ತಲೆ ನೆಟ್ಟಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಕತೆ ಗೊತ್ತಿರುವುದರಿಂದ ಕೇಳುವುದಿಲ್ಲ. ಅಂದರೆ ನಮ್ಮನ್ನು ಕಾಡುವುದು ಆಕಾರದ ವಿಕಾರ ಅಲ್ಲ, ಹಿಂದೆ ಕತೆ ಇಲ್ಲದಿರುವುದು. ಈ ಆಕ್ಷೇಪ ಅರ್ಧ ಸರಿ. ಉಳಿದರ್ಧ ಹೀಗಿದೆ: ರಾವಣನ ಹತ್ತು ತಲೆ ಒಂದೇ ತಲೆಯ ಹತ್ತು ಪ್ರತಿಗಳು. ಅಲ್ಲಿ ತಲೆ ಹೆಚ್ಚಾಗಿದೆ, ನೋಡುವ ಜಾಗ ಹೆಚ್ಚಾಗಿಲ್ಲ. ದ್ಯಾಮವ್ವನ ಕಣ್ಣು ನಮ್ಮನ್ನು ನೋಡಲು ದೊಡ್ಡದಾಗಿದೆ. ನಾವು ಎಲ್ಲಿ ನಿಂತಿದ್ದೇವೆ ಎಂಬ ಪ್ರಶ್ನೆ ಅಲ್ಲಿಲ್ಲ. ಕ್ಯೂಬಿಸಂ ತಲೆಗಳನ್ನು ಕೂಡಿಸುವುದಿಲ್ಲ, ನೋಡುವವನನ್ನು ನಡೆಸುತ್ತದೆ. 1907ರಲ್ಲಿ ಪಿಕಾಸೊ ಬಿಡಿಸಿದ 'ಅವಿನ್ಯೋನಿನ ಹೆಂಗಸರು' ಚಿತ್ರದ ಬಲತುದಿಯಲ್ಲಿ ಕುಕ್ಕರಗಾಲಲ್ಲಿ ಕೂತವಳ ಬೆನ್ನು ನಮ್ಮ ಕಡೆಗಿದೆ, ಮುಖವೂ ನಮ್ಮ ಕಡೆಗಿದೆ. ಅವಳ ಕತ್ತು ತಿರುಚಿಲ್ಲ. ನೋಡುವವನು ಅವಳ ಹಿಂದಿನಿಂದ ಮುಂದಕ್ಕೆ ನಡೆದು ಬಂದಿದ್ದಾನೆ.

ನೋಡುವವನನ್ನು ನಡೆಸುವ ಕಲೆಗೆ ಹತ್ತಿರದ ನಿದರ್ಶನ ನಮ್ಮ ಜಿಲ್ಲೆಯಲ್ಲೇ ಇದೆ. ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿ 12ನೆಯ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಗರ್ಭಗುಡಿಯ ಹೊರಗೋಡೆ ನಕ್ಷತ್ರದಂತೆ 24 ಮೂಲೆಯದು. ಒಂದು ಚೌಕವನ್ನು ನಡುಬಿಂದು ಕದಲಿಸದೆ 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಆರು ಚೌಕಗಳಿಗೆ ಈ 24 ಮೂಲೆ ಸಿಗುತ್ತವೆ. ಅದರ ಮುಂದೆ ನಿಂತವರಿಗೆ ಗೋಡೆ ಎಂಬುದು ಸಿಗುವುದೇ ಇಲ್ಲ; ಮೂಲೆ, ಸಂದು, ಮತ್ತೆ ಮೂಲೆ. ಬಿಸಿಲು ಒಂದು ಮುಖದ ಮೇಲೆ ಬಿದ್ದರೆ ಪಕ್ಕದ ಮುಖ ನೆರಳಲ್ಲಿರುತ್ತದೆ. ಎರಡು ಹೆಜ್ಜೆ ಸರಿದರೆ ಎಲ್ಲ ಬದಲು. ಇದರ ಮುಂಭಾಗ ಯಾವುದು, ಮಗ್ಗುಲು ಯಾವುದು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಪ್ರದಕ್ಷಿಣೆ ಹಾಕಿದವರಿಗೆ ಮಾತ್ರ ಗುಡಿ ಪೂರ್ತಿ ಸಿಗುತ್ತದೆ, ಅದೂ ಕಣ್ಣೆದುರಿಗಲ್ಲ, ನಡೆದ ನೆನಪಿನಲ್ಲಿ.

ಇಷ್ಟಕ್ಕೇ ಕ್ಯೂಬಿಸಂ ನಮ್ಮಲ್ಲೇ ಹುಟ್ಟಿತ್ತು ಎಂದು ಎದೆಯುಬ್ಬಿಸುವವರೂ ಇರುತ್ತಾರೆ. ಅದು ಹುಸಿ ಹೆಮ್ಮೆ. ಅದರ ತಿರುಗುಮುರುಗು ಮಾತು ಕೂಡ ಅಷ್ಟೇ ಹುಸಿ: ನಮ್ಮವರು ಈ ಬಗೆಯಲ್ಲಿ ಬಿಡಿಸಿದರೆ ಅದು ಪಿಕಾಸೊನ ನಕಲು ಎಂಬ ಮಾತು. 1922ರ ಡಿಸೆಂಬರಿನಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಕಲಾವಿದರ ಪ್ರದರ್ಶನ ಕೋಲ್ಕತ್ತಕ್ಕೆ ಬಂತು. ಆ ಹೊತ್ತಿಗಾಗಲೇ ಅಲ್ಲಿನ ಚಿತ್ರಕಾರ ಗಗನೇಂದ್ರನಾಥ ಠಾಕೂರರು ಕ್ಯೂಬಿಸಂನ ಕೋನಗಳನ್ನು ತಮ್ಮ ಮಾಯಾಮಹಲುಗಳ ನೆರಳು ಬೆಳಕಿಗೆ ಒಗ್ಗಿಸಿಕೊಳ್ಳುತ್ತಿದ್ದರು. 1959ರಲ್ಲಿ ಡಬ್ಲ್ಯು.ಜಿ. ಆರ್ಚರ್ ಎಂಬ ಇಂಗ್ಲಿಷ್ ವಿಮರ್ಶಕ ಅದನ್ನು ಪಿಕಾಸೊನಂತಾಗಲು ಹೊರಟು ಸೋತ ಕೆಲಸವೆಂದು ತಳ್ಳಿಹಾಕಿದ. ಇದೂ ಒಂದು ರೋಗನಿರ್ಣಯವೇ. ಗೆರೆಯ ಹೋಲಿಕೆ ಕಂಡ ಕೂಡಲೇ ಕಾರಣ ಗೊತ್ತಾಯಿತೆಂದು ಹೊರಡುವ ಅವಸರ ಯೂಂಗನದೂ ಹೌದು, ಆರ್ಚರನದೂ ಹೌದು.

ಡಂಬಳಕ್ಕೂ ಕಾನ್‌ವೈಲರನ ಚಿತ್ರಕ್ಕೂ ಇರುವ ನಿಜವಾದ ಅಂತರ ಬೇರೆ ಕಡೆ ಇದೆ. ಗುಡಿಯ 24 ಮೂಲೆಗಳು ಸುತ್ತುವುದು ಒಂದು ನಡುಬಿಂದುವಿನ ಸುತ್ತ. ಒಳಗೆ ಲಿಂಗವಿದೆ, ಅದು ಕದಲುವುದಿಲ್ಲ. ಹೊರಗೆ ಎಷ್ಟು ಮುಖ ಇದ್ದರೂ ಒಳಗೆ ಒಂದು ಸತ್ಯ ಇದೆ ಎಂಬ ಭರವಸೆ ಕಲ್ಲಿನಲ್ಲೇ ಇದೆ. ಕಾನ್‌ವೈಲರನ ಚೂರುಗಳ ನಡುವೆ ಅಂಥ ಬಿಂದುವೊಂದನ್ನು ಹುಡುಕಿದರೆ ಸಿಗುವುದಿಲ್ಲ. ಟೈ, ಸರಪಳಿ, ಕೈ, ಕೂದಲು ಎಲ್ಲವೂ ಅಂಚಿನ ಗುರುತುಗಳು. ಹಾಗಾದರೆ ಮನುಷ್ಯನ ನಡುವೆ ಏನಿದೆ? ಎಲ್ಲ ಮುಖಗಳ ಹಿಂದೆ ಒಬ್ಬ 'ನಾನು' ಕೂತಿದ್ದಾನೋ, ಮುಖಗಳೆಲ್ಲ ಸೇರಿದ್ದನ್ನೇ 'ನಾನು' ಎನ್ನುತ್ತೇವೋ? ಕ್ಯೂಬಿಸ್ಟ್ ಚಿತ್ರ ಎತ್ತುವ ಮೊದಲ ಮಾನಸಿಕ ಪ್ರಶ್ನೆ ಇದು.

ಊರಿನ ಬದುಕು ಇದಕ್ಕೆ ತನ್ನದೇ ಉತ್ತರ ಕೊಟ್ಟುಕೊಂಡಿದೆ. ಪಡಸಾಲೆಯ ಗೋಡೆಯ ಮೇಲೆ ಮಾಲೆ ಹಾಕಿದ ಒಂದು ಫೋಟೋದಲ್ಲಿ ಅಜ್ಜ ಬಿಗಿದುಕೊಂಡು ಕೂತಿರುತ್ತಾನೆ. ಹೆಂಡತಿ ಕಂಡ ಸಿಟ್ಟಿನವನು, ಮೊಮ್ಮಕ್ಕಳು ಕಂಡ ಮೆತ್ತನೆಯವನು, ಸಾಲ ಕೊಟ್ಟವನು ಕಂಡ ಮಾತಿನವನು, ದಾಯಾದಿ ಕಂಡ ಹಟಮಾರಿ, ಇವರಲ್ಲಿ ಯಾರೂ ಆ ಫೋಟೋದಲ್ಲಿಲ್ಲ. ಅವನ ದಿನಕರ್ಮಕ್ಕೆ ಸೇರಿದವರು ತಲೆಗೊಂದು ಕತೆ ಹೇಳುತ್ತಾರೆ. ಯಾರದೂ ಸುಳ್ಳಲ್ಲ, ಒಂದಕ್ಕೊಂದು ಹೊಂದುವುದೂ ಇಲ್ಲ. ಆದರೂ ಎಲ್ಲರೂ ಒಬ್ಬನೇ ಮನುಷ್ಯನ ಬಗ್ಗೆ ಮಾತಾಡುತ್ತಿದ್ದಾರೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ತಾಲ್ಲೂಕಿಗೇ ಹೆಸರು ತಂದ ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಲ್ಲೇ ಫಕೀರನೂ ಇದ್ದಾನೆ, ಈಶ್ವರನೂ ಇದ್ದಾನೆ. ಹಿಂದೂಗಳೂ ಮುಸ್ಲಿಮರೂ ಒಂದೇ ಗದ್ದುಗೆಗೆ ನಡೆದುಕೊಳ್ಳುತ್ತಾರೆ. ಇದನ್ನು ಒಡೆದ ಗುರುತು ಎಂದು ಇಲ್ಲಿನ ಜನ ಎಂದೂ ಭಾವಿಸಿಲ್ಲ. ಮನುಷ್ಯ ಒಬ್ಬನಾಗಿರುವುದಕ್ಕೆ ಎಲ್ಲ ಕಡೆಯಿಂದ ಒಂದೇ ಆಗಿ ಕಾಣಬೇಕಿಲ್ಲ. ಹೊಂದದ ಮುಖಗಳನ್ನು ಜೊತೆಗಿಟ್ಟುಕೊಂಡು ನಡೆಯುವ ಶಕ್ತಿಗೂ ಮಾನಸಿಕ ಆರೋಗ್ಯ ಎಂದೇ ಹೆಸರು. ಒಡಕನ್ನು ರೋಗವೆಂದು ಓದುವವರಿಗೆ ಈ ಆರೋಗ್ಯ ಕಾಣುವುದಿಲ್ಲ.

1932ರ ಮಾರ್ಚಿನಲ್ಲಿ ಬಿಡಿಸಿದ 'ಕನ್ನಡಿಯ ಮುಂದಿನ ಹುಡುಗಿ' ಚಿತ್ರದಲ್ಲಿ ಪಿಕಾಸೊ ಇದೇ ಪ್ರಶ್ನೆಯನ್ನು ಒಳಕ್ಕೆ ತಿರುಗಿಸಿದ. ಹುಡುಗಿಯ ಮುಖ ಮಗ್ಗುಲಿನಿಂದಲೂ ಎದುರಿನಿಂದಲೂ ಒಮ್ಮೆಲೇ ಕಾಣುತ್ತದೆ. ಒಂದರ್ಧ ತಿಳಿ ನೇರಳೆ, ಒಂದರ್ಧ ಹೊಳೆಯುವ ಹಳದಿ. ಕನ್ನಡಿಯಲ್ಲಿರುವ ಮುಖ ಮಾತ್ರ ಕಪ್ಪಿಟ್ಟಿದೆ, ವಯಸ್ಸಾದಂತಿದೆ. ಹುಡುಗಿ ಕೈ ಚಾಚಿ ಕನ್ನಡಿಯನ್ನು ಹಿಡಿದಿದ್ದಾಳೆ. ಬೇರೆಯವರಿಗೆ ಕಾಣುವ ತಾನು ಒಂದು, ತನಗೆ ಕಾಣುವ ತಾನು ಇನ್ನೊಂದು. ಎರಡನ್ನೂ ಬಿಡದೆ ಹಿಡಿದಿರುವುದು ಆ ತೋಳು. ಈ ಚಿತ್ರದಲ್ಲಿ ಮನಸ್ಸು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ತೋಳನ್ನು ತೋರಿಸುತ್ತೇನೆ.

ಇಲ್ಲಿಯವರೆಗಿನ ವಾದ ಕ್ಯೂಬಿಸಂಗೆ ವಕಾಲತ್ತು ವಹಿಸಿದಂತಿದೆ. ವಕಾಲತ್ತು ನಿಲ್ಲದ ಜಾಗಕ್ಕೂ ಹೋಗಬೇಕು. 1937ರ 'ಅಳುವ ಹೆಂಗಸು' ಆ ಜಾಗ. ತಲೆಯ ಮೇಲೆ ಕೆಂಪು ಟೋಪಿ, ಅದರಲ್ಲೊಂದು ನೀಲಿ ಹೂ. ಮುಖ ಹಸಿರು ಹಳದಿ. ಬಾಯಿಯ ಸುತ್ತ ಬಣ್ಣವೇ ಹೋಗಿ ಬಿಳಿ ನೀಲಿಯ ಚೂಪು ಚೂರುಗಳು ಮಾತ್ರ ಉಳಿದಿವೆ; ಹಲ್ಲು, ಬೆರಳು, ಕಚ್ಚಿಹಿಡಿದ ಕರವಸ್ತ್ರ ಎಲ್ಲ ಅಲ್ಲಿ ಒಂದಾಗಿವೆ. ಸಿಂಗರಿಸಿಕೊಂಡು ಹೊರಟವಳಿಗೆ ದುಃಖ ಅಡ್ಡ ಬಂದಂತೆ ಟೋಪಿಗೂ ಮುಖಕ್ಕೂ ಸಂಬಂಧವೇ ಇಲ್ಲ. ಆ ವರ್ಷದ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಬಿದ್ದಿತ್ತು. ಪಿಕಾಸೊನ 'ಗೆರ್ನಿಕಾ' ಭಿತ್ತಿಚಿತ್ರದಲ್ಲಿ ಸತ್ತ ಕೂಸನ್ನು ಹಿಡಿದು ಕೂಗುವ ತಾಯಿಯ ದುಃಖವೇ ಈ ಹೆಂಗಸಿನಲ್ಲಿ ಮುಂದುವರಿದಿದೆ. 1910ರಲ್ಲಿ ತಾಳ್ಮೆಯ ಭಾಷೆಯಾಗಿದ್ದ ಅದೇ ಚೂರುಗಳು 1937ರಲ್ಲಿ ಸಂಕಟದ ಭಾಷೆಯಾದವು. ಚೂರಿಗೆ ತನ್ನದೇ ಆದ ಒಂದು ಖಾಯಂ ಅರ್ಥ ಇಲ್ಲ ಎಂಬುದಕ್ಕೆ ಇಷ್ಟು ಸಾಕು.

ಆದರೆ ಈ ಚಿತ್ರಕ್ಕೆ ರೂಪದರ್ಶಿಯಾದವಳು ಡೋರಾ ಮಾರ್, ಆಗ ಪಿಕಾಸೊನ ಸಂಗಾತಿ. ಪಿಕಾಸೊ ಬಿಡಿಸಿದ ತನ್ನ ಭಾವಚಿತ್ರಗಳೆಲ್ಲ ಸುಳ್ಳು, ಅವೆಲ್ಲ ಪಿಕಾಸೊಗಳೇ, ಒಂದರಲ್ಲೂ ಡೋರಾ ಮಾರ್ ಇಲ್ಲ ಎಂದು ಅವಳು ಮುಂದೆ ಹೇಳಿದಳು. ಈ ಮಾತು ಕ್ಯೂಬಿಸಂನ ಇಡೀ ಹೇಳಿಕೆಯ ಬುಡಕ್ಕೆ ಹೋಗಿ ತಾಗುತ್ತದೆ. ನೋಟಗಳು ಎಷ್ಟೇ ಇರಲಿ, ನೋಡಿದವನು ಒಬ್ಬನೇ. ಹತ್ತು ಕಡೆಯಿಂದ ಸುತ್ತಿ ಬಂದರೂ ಸುತ್ತಿದ ಕಾಲು ಒಬ್ಬನದು, ಆಯ್ದ ಕೈ ಒಬ್ಬನದು. ಮೂವತ್ತು ಹುಡುಗರ ಮೂವತ್ತು ಹಾಳೆಗೂ, ಒಬ್ಬನೇ ಮೂವತ್ತು ಜಾಗದಲ್ಲಿ ನಿಂತು ಬಿಡಿಸಿದ ಹಾಳೆಗೂ ಇರುವ ಅಂತರ ಇದು. ಮೊದಲನೆಯದು ಊರ ಸಾಕ್ಷಿ, ಎರಡನೆಯದು ಒಬ್ಬನ ಹೇಳಿಕೆ. ಗುಡಿಗೆ ಪ್ರದಕ್ಷಿಣೆ ಹಾಕಿದರೆ ಗುಡಿ ದೂರುವುದಿಲ್ಲ. ಮನುಷ್ಯರಿಗೆ ಬಾಯಿ ಇದೆ.

ಹೀಗಿದ್ದ ಮೇಲೆ ಯಾರು ಏನು ಬೇಕಾದರೂ ಅರ್ಥ ಹೇಳಬಹುದು, ಚಿತ್ರ ನೋಡುವವರ ಮನಸ್ಸಿನ ಕನ್ನಡಿ ಎನ್ನುವವರಿದ್ದಾರೆ. ಅವರು ಚಿತ್ರವನ್ನು ರೋರ್ಶಾಕ್ ಪರೀಕ್ಷೆ ಮಾಡಿಬಿಡುತ್ತಾರೆ. ಮನೋವೈದ್ಯ ಹರ್ಮನ್ ರೋರ್ಶಾಕ್ 1921ರಲ್ಲಿ ಹೊರತಂದ ಹತ್ತು ಶಾಯಿಕಲೆಯ ಕಾರ್ಡುಗಳಲ್ಲಿ ನೋಡುವವರು ಏನು ಕಂಡರೂ ಅದು ಅವರದ್ದೇ. ಆ ಕಲೆಗಳು ಯಾರ ಚಿತ್ರವೂ ಅಲ್ಲ. ಕಾನ್‌ವೈಲರನ ಸರಪಳಿ ಹಾಗಲ್ಲ. ಅದನ್ನು ಒಬ್ಬ ಬೇಕೆಂದೇ ಅಲ್ಲಿ ಇಟ್ಟಿದ್ದಾನೆ. ಅದನ್ನು ಹಾವು ಎಂದು ಓದಿದರೆ ಹೊಸ ಅರ್ಥ ಹುಟ್ಟುವುದಿಲ್ಲ, ಸರಪಳಿ ತಪ್ಪಿಹೋಗುತ್ತದೆ.

ಹುಚ್ಚು ಎಂದು ತಳ್ಳುವುದಕ್ಕೂ ಏನಾದರೂ ನಡೆಯುತ್ತದೆ ಎನ್ನುವುದಕ್ಕೂ ನಡುವೆ ಒಂದು ದಾರಿ ಕನ್ನಡಕ್ಕೆ ಹಳೆಯ ಬಳಕೆಯದು. ಅಲ್ಲಮನ ಬೆಡಗಿನ ವಚನಗಳಲ್ಲಿ ಲೋಕದ ಕ್ರಮ ತಲೆಕೆಳಗಾಗುತ್ತದೆ; ನಮ್ಮ ಪಕ್ಕದ ಶಿಶುನಾಳದ ಷರೀಫರ (1819–1889) ತತ್ವಪದದಲ್ಲಿ ಕೋಳಿ ಕೋಡಗವನ್ನು ನುಂಗುತ್ತದೆ. ಭಜನೆಯ ಮೇಳದಲ್ಲಿ ಅದನ್ನು ಹಾಡುವ ಒಕ್ಕಲಿಗ ಷರೀಫರ ಮಾನಸಿಕ ಸ್ಥಿತಿಯನ್ನು ವಿಚಾರಿಸುವುದಿಲ್ಲ. ಕೋಳಿ ಅಂದರೆ ಏನಿರಬಹುದು, ಕೋಡಗ ಅಂದರೆ ಏನಿರಬಹುದು, ಮುಂದಿನ ನುಡಿಯಲ್ಲಿ ನುಂಗಿದ್ದು ಯಾರು, ಅದು ಇದಕ್ಕೆ ಹೊಂದುತ್ತದೆಯೇ ಎಂದು ಕೇಳುತ್ತಾನೆ. ಬೆಡಗಿಗೆ ಟೀಕೆ ಬರೆದ ಹಿಂದಿನವರೂ ಹೀಗೆಯೇ ನಡೆದರು. ಅರ್ಥ ಒಂದಕ್ಕಿಂತ ಹೆಚ್ಚು ಆಗಬಹುದು, ಆದರೆ ಪ್ರತಿ ಅರ್ಥವೂ ಪದ್ಯದ ಪ್ರತಿ ತುಂಡಿಗೂ ಲೆಕ್ಕ ಕೊಡಬೇಕು. ಹುಚ್ಚು ಎಂಬ ಉತ್ತರ ಯಾವ ತುಂಡಿಗೂ ಲೆಕ್ಕ ಕೊಡುವುದಿಲ್ಲ. ಕೋಳಿಯ ಬದಲು ಬಾತು ಇದ್ದರೂ ಅದು ಹಾಗೇ ನಿಲ್ಲುತ್ತದೆ. ಯಾವ ಚಿತ್ರಕ್ಕೂ ಹೊಂದುವ ಉತ್ತರ ಈ ಚಿತ್ರದ ಉತ್ತರವಾಗಲಾರದು. ಯೂಂಗನ ಲೇಖನದ ಸೋಲು ಇದೇ.

ಈ ಶಿಸ್ತನ್ನು ಕ್ಯೂಬಿಸ್ಟ್ ಚಿತ್ರಕ್ಕೆ ಹಚ್ಚಿದರೆ ಮೂರು ಕೆಲಸ ಆಗಬೇಕು. ಮೊದಲು ಕಂಡದ್ದನ್ನು ಹೆಸರಿಟ್ಟು ಹೇಳಬೇಕು: ಟೈ, ಸರಪಳಿ, ಹೂ, ಕರವಸ್ತ್ರ. ಆಮೇಲೆ ಚಿತ್ರಕಾರ ಎಲ್ಲೆಲ್ಲಿ ನಿಂತ, ಯಾವ ಹೊತ್ತಿನಲ್ಲಿ, ಯಾವ ಸುದ್ದಿಯ ನಡುವೆ ನಿಂತ ಎಂದು ಕೇಳಬೇಕು. ಇವೆರಡೂ ಆದ ಮೇಲೆ ಮನಸ್ಸಿನ ಮಾತು. ಅದನ್ನು ಆಡುವಾಗಲೂ ಚಿತ್ರದಲ್ಲಿ ಕೂತವರಿಗೆ ಹೇಳುವುದೇನಿತ್ತು ಎಂದು ವಿಚಾರಿಸದೆ ಮುಂದೆ ಹೋಗಬಾರದು.

ಕೊನೆಯದನ್ನು ವಿಚಾರಿಸಿದವರಿಗೆ ಡೋರಾ ಮಾರ್‌ಳ ಇನ್ನೊಂದು ಸಂಗತಿ ಸಿಗುತ್ತದೆ. ಅವಳು ಹೆಸರು ಮಾಡಿದ ಫೋಟೋಗ್ರಾಫರ್. 1937ರ ಮೇ–ಜೂನ್‌ನಲ್ಲಿ 'ಗೆರ್ನಿಕಾ' ಬಿಳಿ ಕ್ಯಾನ್ವಾಸಿನಿಂದ ಭಿತ್ತಿಚಿತ್ರವಾಗಿ ಬೆಳೆದ ಹಂತಗಳನ್ನು ಒಂದೊಂದಾಗಿ ಕ್ಯಾಮೆರಾದಲ್ಲಿ ಹಿಡಿದವಳು ಅವಳೇ. ಆ ಚಿತ್ರ ಹುಟ್ಟಿದ ಬಗೆ ಇವತ್ತು ನಮಗೆ ಗೊತ್ತಾಗಿರುವುದು ಅವಳ ಕಣ್ಣಿನಿಂದ. ಪಿಕಾಸೊ ಅವಳಲ್ಲಿ ಅಳುವವಳನ್ನು ಕಂಡ. ಅವಳು ಅವನನ್ನು ಕೆಲಸದಲ್ಲಿ ಕಂಡಳು. ಜಗತ್ತಿನ ನೆನಪಿನಲ್ಲಿ ಹೆಚ್ಚು ಉಳಿದದ್ದು ಮೊದಲ ನೋಟ. ಆ ಅಸಮತೆಯೂ ಚಿತ್ರದ ಮಾನಸಿಕ ಅರ್ಥಕ್ಕೆ ಸೇರಿದ್ದು. ಅದನ್ನು ಬಿಟ್ಟು ಅವಳ ಕಣ್ಣೀರನ್ನು ಮಾತ್ರ ವಿಶ್ಲೇಷಿಸುವವರು ಅರ್ಧ ಚಿತ್ರವನ್ನೇ ನೋಡಿದಂತೆ.

ಊರಲ್ಲಿ ಒಬ್ಬರ ಮೇಲೆ 'ತೆಲಿ ನೆಟ್ಟಗಿಲ್ಲ' ಎಂಬ ಹೆಸರು ಕೂಡುವುದು ಎಷ್ಟು ಸುಲಭ, ಕಳಚುವುದು ಎಷ್ಟು ಕಷ್ಟ ಎಂಬುದು ಎಲ್ಲರೂ ಬಲ್ಲ ಸಂಗತಿ. ಯಾವುದೋ ಒಂದು ದಿನ, ಯಾವುದೋ ಒಂದು ಮಗ್ಗುಲಿನಿಂದ ಕಂಡದ್ದು ಜನ್ಮದ ಗುರುತಾಗಿಬಿಡುತ್ತದೆ. ಕ್ಯೂಬಿಸ್ಟ್ ಚಿತ್ರದ ಮುಂದೆ ನಾವು ಮಾಡುವುದೂ, ಅಂಥವರ ಮುಂದೆ ಮಾಡುವುದೂ ಒಂದೇ ತಪ್ಪು: ನಮಗೆ ಜೋಡಿಸಲು ಬಾರದ್ದನ್ನು ಅವರ ಒಡಕು ಎಂದು ಕರೆಯುತ್ತೇವೆ. ಚಿತ್ರದ ಮುಂದೆ ಮಾಡಿದರೆ ನಷ್ಟ ನಮ್ಮದು, ಒಂದು ಚಿತ್ರ ತಪ್ಪುತ್ತದೆ. ಮನುಷ್ಯರ ಮುಂದೆ ಮಾಡಿದರೆ ಆ ನಷ್ಟವನ್ನು ತುಂಬುವವರು ಅವರು. ಆದ್ದರಿಂದ ತಲೆ ನೆಟ್ಟಗಿದೆಯೇ ಎ‌ಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ನಾನು ಎಲ್ಲಿ ನಿಂತು ನೋಡುತ್ತಿದ್ದೇನೆ, ಮತ್ತು ನೋಡಿಸಿಕೊಳ್ಳುತ್ತಿರುವವರನ್ನು ಕೇಳಿದ್ದೇನೆಯೇ?